ಮಲಕಾರಿಗೆ ಕೊಟ್ಟ ಶೇರಾ

ಕುಡಚಿಯ ಸೇತುವೆಯ ಮೇಲೆ ಕೃಷ್ಣೆಯ ನೀರು ಬಂದು ರಸ್ತೆ ಬಂದ್ ಆಗದೆ ಇದ್ದಿದ್ದರೆ ಅವತ್ತು ರಾತ್ರಿ ಊಟಕ್ಕೆ ನಾವು ಅಥಣಿಯ ನಮ್ಮ ನಮ್ಮ ಮನೆಯಲ್ಲಿರುತ್ತಿದ್ದೆವು, ಈ ಕತೆ ನನಗೆ ಸಿಗುತ್ತಲೂ ಇರಲಿಲ್ಲ.

ನಾನು ಪ್ರಾಜಕ್ತಾ, ಅಥಣಿಯಲ್ಲಿ ವಕೀಲಿ ಮಾಡುವವಳು. ಜೊತೆಗಿದ್ದವನು ನನ್ನ ಕಕ್ಷಿದಾರ ದುಂಡೇಶ. ಅವನೊಂದು ದ್ರಾಕ್ಷಿ ತೋಟ ಕೊಳ್ಳಲು ಹೊರಟಿದ್ದ. ತೋಟ ಮಾರುವವರ ಅಜ್ಜ ನಲವತ್ತು ವರ್ಷದ ಹಿಂದೆ ದಿವಾಳಿಯಾಗಿದ್ದನೆಂದು ಯಾರೋ ಬ್ಯಾಂಕಿನವರ ಕಿವಿಗೆ ಹಾಕಿದ್ದರು. ಆ ದಿವಾಳಿ ಕೋರ್ಟಿನಲ್ಲಿ ಮುಗಿದದ್ದಕ್ಕೆ ಕಾಗದ ತನ್ನಿ ಎಂದು ಬ್ಯಾಂಕು ಪಟ್ಟು ಹಿಡಿದಿತ್ತು. ಕಂಪ್ಯೂಟರಿನಲ್ಲಿ ಹೆಸರು ಹಾಕಿದರೆ ಇತ್ತೀಚಿನ ಕೇಸುಗಳಷ್ಟೇ ಬರುತ್ತಿದ್ದವು. ಹೊಸ ಕೋರ್ಟುಗಳು ಆದಂತೆಲ್ಲ ಹಳ್ಳಿಗಳು ಅತ್ತಿಂದಿತ್ತ ಹಂಚಿಹೋಗಿ, ಹಳೆಯ ಕಡತಗಳು ಟ್ರ್ಯಾಕ್ಟರು ಹತ್ತಿ ಊರು ಬದಲಿಸಿ, ಯಾವುದು ಎಲ್ಲಿದೆ ಎಂದು ಹೇಳುವವರೇ ಇರಲಿಲ್ಲ. ಹದಿನೈದು ದಿನ ಅಲೆದ ಮೇಲೆ ಒಬ್ಬ ಗುಮಾಸ್ತರು, ‘ತಾತ್ಯಾಸಾಹೇಬರನ್ನ ಕೇಳ್ರಿ, ಕಣ್ಣ ಮುಚ್ಚಿ ಹೇಳ್ತಾರ’ ಎಂದು ಕುಡಚಿಯಾಚೆಯ ಈ ಹಳ್ಳಿಯ ದಾರಿ ತೋರಿಸಿದ್ದರು.

ತಾತ್ಯಾಸಾಹೇಬರು ಕೋರ್ಟಿನ ದಫ್ತರ ನೋಡಿಕೊಂಡಿದ್ದು ನಿವೃತ್ತರಾದವರು. ವಯಸ್ಸು ಎಂಬತ್ತರ ಹತ್ತಿರ. ಕಬ್ಬಿನ ಗದ್ದೆಗಳ ನಡುವಿನ ಮನೆ. ಮಳೆ ಒಂದೇ ಸಮನೆ ಸುರಿಯುತ್ತಿತ್ತು, ಕರೆಂಟು ಹೋಗಿತ್ತು. ಮನೆ ಸೋರುತ್ತದೆಂದು ಪಕ್ಕದ ಇಬ್ಬರು ಹೆಂಗಸರು ಇವರ ಪಡಸಾಲೆಗೆ ಬಂದು ಗೋಡೆಗೊರಗಿ ಕೂತಿದ್ದರು. ಸೊಸೆ ತುಳಸವ್ವ ಚುರುಮುರಿ, ಚಹಾ ತಂದಿಟ್ಟು ತಾನೂ ಕೂತಳು. ನಾನು ನಮಗೆ ಬೇಕಾದ ಕಡತದ ಹೆಸರು ಹೇಳಿದೊಡನೆ ಮುದುಕರು ಬ್ಯಾಟರಿ ದೀಪವನ್ನು ತಮ್ಮ ಮುಖದಿಂದ ದೂರ ಸರಿಸಿದರು.

‘ನಾದಾರಿ ಮಿಸಿಲು, ಅಂದ್ರ ಆ ದಿವಾಳಿ ಕಡತಾ, ಹುಡುಕಾಕ ಬಂದೀರಿ. ಅದು ಯಾವ ಕಪಾಟಿನ ಹಿಂದ ಬಿದ್ದೈತಿ ಅಂತ ಹೇಳ್ತೇನಿ, ಚಿಂತಿ ಮಾಡಬ್ಯಾಡ್ರಿ. ಆದ್ರ ಮೊದಲ ನನ್ನ ಮಾತು ಕೇಳಬೇಕು. ಮಳಿ ಹೆಂಗೂ ನಿಮ್ಮನ್ನ ಬಿಡೂದಿಲ್ಲ.’

ನಾವು ಹತ್ತಿರ ಸರಿದು ಕೂತೆವು. ಇನ್ನು ಮುಂದಿನದು ಅವರದೇ ಮಾತು.

‘ಯಾವ ಊರ ಕೋರ್ಟು ಅಂತ ಈಗ ಹೆಸರ ಬ್ಯಾಡ, ಕಡೀಕ ನಿಮಗಷ್ಟ ಬರದ ಕೊಡ್ತೇನಿ. ನಿಮ್ಮಂಥ ವಕೀಲರಿಗೆ ಕೋರ್ಟು ಅಂದ್ರ ಸಾಹೇಬ್ರು ಕುಂಡ್ರೂ ಖೋಲಿ, ಕರಿ ಕೋಟು, ಮುಗೀತು. ಅದರ ಹಿಂದ ಕಿಟಕಿ ಇಲ್ಲದ ಒಂದು ಖೋಲಿ ಇರತೈತಿ, ಅದನ್ನ ನೀವು ನೋಡಿರೂದಿಲ್ಲ. ಅಲ್ಲೆ ಕೆಂಪ ಅರಿವಿಯೊಳಗ ಕಟ್ಟಿದ ಗಂಟು, ಅದಕ್ಕ ನಾವು ರುಮಾಲು ಅಂತೇವಿ, ಸಾವಿರಗಟ್ಟಲೆ ಇರ್ತಾವ. ದಾವಾ ಒಂದ ಕಡೆ, ಜಪ್ತಿ ಒಂದ ಕಡೆ, ಖೂನಿ ಒಂದ ಕಡೆ. ನಾದಾರಿ ಅರ್ಜಿ, ಅಂದ್ರ ದಿವಾಳಿ ಆದವ್ರು ಹಾಕೂ ಅರ್ಜಿ, ಅವು ಮಾತ್ರ ಯಾವ ಕಡೆನೂ ಇಲ್ಲ. ವರ್ಷಕ್ಕ ಒಂದೋ ಎರಡೋ ಬರೂವು. ಅವನ್ನ ಕೇಳಾಕ ಯಾರ ಬರ್ತಾರ... ಸೋತ ಸುದ್ದಿ ಯಾರಿಗೆ ಬೇಕಾಗೈತಿ?

ನನ್ನ ಕುರ್ಚಿ ಬೆತ್ತ ಹರದು ನಡುವ ತಗ್ಗ ಬಿದ್ದಿತ್ತು. ಹೊಸಾ ಕುರ್ಚಿ ಬೇಕಂತ ಬರಕೊಟ್ಟು ಬರಕೊಟ್ಟು ಸಾಕಾಗಿ, ಯಾರೂ ಕೇಳದ ಒಂದು ರುಮಾಲು ತಗೊಂಡು ಆ ತಗ್ಗಿನ್ಯಾಗ ಇಟ್ಟು, ಅದರ ಮ್ಯಾಲ ಕುಂಡ್ರಾಕ ಚಾಲೂ ಮಾಡಿದೆ. ಆರಾಮ ಆತು. ಅಲ್ಲಿಗೆ ಮರತ ಬಿಟ್ಟೆ.

ಹಿಂಗ ಇರಬೇಕಾದ್ರ ಒಂದ ದಿನ ನಕಲು ಕೊಡೂ ಕಿಟಕಿಗೆ ಒಬ್ಬ ಮುದುಕ ಬಂದ. ಹೆಗಲ ಮ್ಯಾಲ ಕಂಬಳಿ, ಹಣಿ ಮ್ಯಾಲ ಭಂಡಾರ, ಅದ ದೇವರ ಅರಿಷಿಣ. ಹೆಸರು ಮಲಕಾರಿ. ರಾಯಬಾಗದ ಕಡೆ ಕುರಿಯವರ ಒಂದು ವಸ್ತಿಯಾಂವ. ಹರೇದಾಗ ಮನಿ ಮನಿ ತಿರುಗಿ ಉದ್ರಿ ಮ್ಯಾಲ ಕಂಬಳಿ ಕೂಡಿಸಿ ಪಂಢರಪುರಕ್ಕ ಒಯ್ದು ಮಾರತಿದ್ನಂತ. ಒಂದ ವರ್ಷ ಕಂಬಳಿ ತಗೊಂಡ ವ್ಯಾಪಾರಿ ರೊಕ್ಕಾ ಕೊಡದ ರಾತ್ರೋರಾತ್ರಿ ಅಂಗಡಿ ಮುಚ್ಚಿ ಓಡಿಹೋದ. ಇಂವ ನಾದಾರಿ ಅರ್ಜಿ ಹಾಕಿದ. ಆದ್ರ ಹಂಗ ಕೈ ತೊಳಕೊಂಡು ಕುಂಡ್ರಲಿಲ್ಲ ನೋಡ್ರಿ, ಒಂಬತ್ತ ವರ್ಷ ದುಡದು ನೇಯ್ದವ್ರೆಲ್ಲರಿಗೂ ಮುಟ್ಟಿಸಿದ. ಆಮ್ಯಾಲ ಜಡ್ಜ ಸಾಹೇಬ್ರು ತುಂಬಿದ ಕೋರ್ಟಿನ್ಯಾಗ, ನೀ ಮುಕ್ತ ಆದಿ, ಇನ್ನ ನಿನ್ನ ಹೆಸರಿಗೆ ಕಲೆ ಇಲ್ಲ, ಅಂದ್ರು. ಇಂವ ಕೈ ಮುಗದು ಊರಿಗೆ ಹೋದ. ಕಾಗದಾ ತಗೋಬೇಕು ಅಂತ ಇವನಿಗೆ ಯಾರ ಹೇಳಬೇಕು? ಜಡ್ಜರ ಬಾಯಿಗಿಂತ ದೊಡ್ಡ ಕಾಗದಾ ಇರತೈತಿ ಅಂತ ಅಂವಗ ಹೆಂಗ ತಿಳೀಬೇಕು?

ಮುಂದ ಹದಿನಾರ ವರ್ಷಕ್ಕ ಅವನ ಅಣ್ಣ ತೀರಿಕೊಂಡ. ಅವರ ಮನಿತನಕ್ಕ ಹಿರ್ಯಾ ಆದಾಂವ ದೇವರ ಭಂಡಾರದ ಚೀಲಾ ಹಿಡೀಬೇಕು, ಬಂದವರ ಹಣಿಗೆ ಹಚ್ಚಬೇಕು, ಅದು ಅವರ ಪದ್ಧತಿ. ಈಗ ಪಾಳಿ ಮಲಕಾರಿದು. ದೈವದ ಹಿರ್ಯಾರು, ಅಂದ್ರ ಊರ ಪಂಚರು, ಒಪ್ಪಲಿಲ್ಲ. ದಿವಾಳಿ ಆದ ಕೈಲೆ ಭಂಡಾರ ಹೆಂಗ ಹಚ್ಚಿಸ್ಕೋಬೇಕು, ಮುಕ್ತ ಆಗಿದ್ರ ಕೋರ್ಟಿನ ಕಾಗದಾ ತಾ, ಚೀಲಾ ಹಿಡಿ, ಅಂದ್ರು.

ಅಂವ ನನ್ನ ಮುಂದ ಬಂದು ನಿಂತ. ನಂಬರು ಏನಪಾ ಅಂದ್ರ ಗೊತ್ತಿಲ್ಲ. ಯಾವ ಇಸ್ವಿ? ಗೊತ್ತಿಲ್ಲ. ಕಾರ ಹುಣ್ಣಿಮಿ ಆದಮ್ಯಾಲಿನ ಸೋಮವಾರ ಇತ್ರಿ ಸಾಹೇಬ್ರ, ಎಡಗೈಲೆ ಬರಿಯೂ ಜಡ್ಜರು ಇದ್ರು, ಅಂತಾನ. ನಾನು ನಕ್ಕೆ. ಎಡಗೈ ಸಾಹೇಬ್ರು ಇದ್ದದ್ದು ಮೂರ ವರ್ಷ ಅಷ್ಟ, ಮನಸ್ಸ ಮಾಡಿದ್ರ ಎರಡ ದಿನದಾಗ ಹುಡಕಬಹುದಿತ್ತು. ಮನಸ್ಸ ಮಾಡಲಿಲ್ಲ. ಮುಂದಿನ ತಿಂಗಳ ಬಾ ಅಂದೆ.

ಬಂದ. ಮತ್ತ ಬಂದ. ನಾಕ ವರ್ಷ ಬಂದ ರೀ ಅಂವ, ತಿಂಗಳಿಗೊಮ್ಮೆ, ಒಂದ ಸರ್ತೀನೂ ದನಿ ಏರಿಸಲಿಲ್ಲ. ಒಂದ ಸಲ ಕಿಟಕಿಯಾಗಿಂದ ನನ್ನ ಕುರ್ಚಿ ನೋಡಿ, ಆ ಗಂಟು ಒತ್ತತಿರಬೇಕಲ್ರಿ, ಅಂದ. ಮುಂದಿನ ತಿಂಗಳ ಕಂಬಳಿ ತುಂಡೊಂದು ನಾಕ ಮಡಿಕಿ ಮಾಡಿ ತಂದು, ಒಳಗ ಬಂದು ತನ್ನ ಕೈಯಾರೆ ಆ ರುಮಾಲಿನ ಮ್ಯಾಲ ಹಾಸಿ ಹೋದ. ನಾ ಬ್ಯಾಡ ಅನ್ನಲಿಲ್ಲ. ಮೆತ್ತಗಿತ್ತು.

ನಾಕನೇ ವರ್ಷ ಮಳಿಗಾಲದಾಗ ನನಗ ಬ್ಯಾಸರಾತು. ಇಂವ ಇನ್ನ ಬರಬಾರದು ಅಂತ ಒಂದು ಶೇರಾ, ಅಂದ್ರ ಅರ್ಜಿಗೆ ದಫ್ತರದ ಉತ್ತರಾ, ಬರದೆ. “ಸದರಿ ಮಿಸಿಲು ಈ ದಫ್ತರದಲ್ಲಿ ಇರುವುದಿಲ್ಲ.” ಸಹಿ ಹಾಕಿ, ಕೋರ್ಟಿನ ಮೊಹರು, ದುಂಡ ಸಿಕ್ಕಾ, ಹೊಡದು ಕಿಟಕಿಯಾಗ ಕೊಟ್ಟೆ. ಅಂವಗ ಓದಾಕ ಬರ್ತಿರಲಿಲ್ಲ. ಸಿಕ್ಕಾ ನೋಡಿದ, ಕಣ್ಣಾಗ ನೀರ ಬಂತು. ಅದನ್ನ ಎರಡೂ ಕಣ್ಣಿಗೆ ಒತ್ತಿಕೊಂಡು, ದೇವರ ನಿಮ್ಮ ಮಕ್ಕಳ ಮರೀನ ಚಲೋ ಇಡ್ಲಿ ಸಾಹೇಬ್ರ, ಅಂತ ಹೇಳಿ ಹೊಂಟ. ತಾ ಕೇಳಿದ ಕಾಗದ ಇದ ಅಂತ ತಿಳಕೊಂಡಿದ್ದ. ನನಗ ಗೊತ್ತಾತು. ಅಲ್ಲೋ ಮಲಕಾರಿ, ಅದ ಅಲ್ಲ ಇದು, ಅಂತ ಒಂದ ಮಾತು ಕರದು ಹೇಳಬೇಕಿತ್ತು... ಅಂವ ಗೇಟಿನ ತನಕಾ ಹೋಗೂದನ್ನ ನೋಡಕೋತ ಸುಮ್ಮ ಕುಂತೆ. ಯಾಕ ಕುಂತೆ ಅಂತ ಇವತ್ತಿಗೂ ನನಗ ತಿಳಿದಿಲ್ಲ.

ಅಂವ ಊರಿಗೆ ಹೋಗಿ ದೈವ ಕೂಡಿಸ್ಯಾನ. ಹೆಂಡತಿ ರಾಮವ್ವ ಎಲ್ಲಾರಿಗೂ ಬೆಲ್ಲಾ ಹಂಚ್ಯಾಳ. ಸಾಲಿ ಮಾಸ್ತರ ಎದ್ದ ನಿಂತು ಎಲ್ಲಾರ ಮುಂದ ದೊಡ್ಡ ದನಿಲೆ ಓದ್ಯಾನ, ಸದರಿ ಮಿಸಿಲು ಇರುವುದಿಲ್ಲ ಅಂತ. ಹಂಗಂದ್ರ ಏನಾತು? ಹಂಥಾ ಕೇಸ ಇಲ್ಲ, ಹಂಥಾ ಹುಕುಂ ಇಲ್ಲ, ಇಂವ ಇಷ್ಟ ವರ್ಷ ಸುಳ್ಳ ಹೇಳ್ಯಾನ. ಚೀಲಾ ಅಲ್ಲೆ ಅವನ ಕಣ್ಣ ಮುಂದ ದಾಯಾದಿ ಕೈಗೆ ಕೊಟ್ರು. ಮಲಕಾರಿ ಅವತ್ತ ಹಾಸಗಿ ಹಿಡದ, ದೀಪಾವಳಿ ಮುಂದ ಸತ್ತ.

ಇದೆಲ್ಲಾ ನನಗ ಆವಾಗ ಗೊತ್ತಿದ್ದಿಲ್ಲ. ಯಾಕಂದ್ರ ಅಂವ ಮತ್ತ ಬರಾಕತ್ತಿದ್ದ.

ಊಟದ ಹೊತ್ತು, ಒಂದೂವರಿ ಸುಮಾರು. ಜನಾ ಇಲ್ಲದಾಗ ಬಂದು ಕಿಟಕಿ ಮುಂದ ನಿಲ್ಲಾಂವ. ಹೊರಗ ಹಿಂಗ ಮಳಿ ಜಡದು ಹೊಡಿತಿತ್ತು, ಅವನ ಕಂಬಳಿ ಮಾತ್ರ ಒಣಗಿರತಿತ್ತು. ನಾ ಅದನ್ನ ನೋಡಿದೆ, ಏನೂ ಅನಿಸಲಿಲ್ಲ. ಆ ಕಾಗದಾ ಕಿಟಕಿಯಾಗ ಇಟ್ಟು, ಸಾಹೇಬ್ರ, ನಮ್ಮ ಮಾಸ್ತರ ತಪ್ಪ ಓದ್ಯಾನ ಕಾಣಸ್ತೈತಿ, ನೀವ ಬರದವ್ರು, ನೀವ ಒಮ್ಮೆ ಓದಿ ಹೇಳ್ರಿ, ಅನ್ನಾಂವ. ನಾ ಹೆಂಗ ಓದಲಿ? ಊಟದ ಹೊತ್ತು, ನಾಳೆ ಬಾ, ಅಂತಿದ್ದೆ. ಆರ ತಿಂಗಳ ನಾಳೆ ನಾಳೆ ಅಂದೆ. ಒಂದ ದಿನ ಅವರ ವಸ್ತಿಯಾಂವ ಒಬ್ಬ ಬ್ಯಾರೆ ಕೆಲಸಕ್ಕ ಬಂದಿದ್ದ. ಏನಪಾ, ನಿಮ್ಮ ಮಲಕಾರಿಗೆ ಒಂದೀಟು ಬುದ್ಧಿ ಹೇಳಬಾರದೇನು, ಅಂದೆ. ಅಂವ ನನ್ನ ಮುಖಾ ನೋಡಿ, ಮಲಕಾರಿ ಸತ್ತು ದೀಪಾವಳಿಗೆ ವರ್ಷ ತುಂಬತೈತಿ ಅಲ್ರಿ, ಅಂದ. ಭಂಡಾರದ್ದು, ಮಾಸ್ತರ ಓದಿದ್ದು, ಎಲ್ಲಾ ಅಂವನ ಬಾಯಿಲೆನ ಕೇಳಿದೆ.

ಅವತ್ತ ಜ್ವರಾ ಬಂತು. ಕಿಟಕಿ ಬ್ಯಾರೆಯವರಿಗೆ ಬಿಟ್ಟು ನನ್ನ ಕುರ್ಚಿ ಸಮೇತ ಒಳಗಿನ ಖೋಲಿಗೆ ಸರದೆ. ಅಲ್ಲಿಗೆ ಬರಲಿಲ್ಲ ಅಂವ. ಕಿಟಕಿಗೆ ಬರೂದು ಬಿಡಲೂ ಇಲ್ಲ.

ಮುಂದಿಂದು ಕೇಳ್ರಿ. ಇದನ್ನ ಈ ಸೊಸೀಗೂ ಹೇಳಿಲ್ಲ ನಾ. ನೌಕರಿ ಕಡೀ ದಿನ. ಸಂಜಿ ಐದೂವರಿಗೆ ಚಾರ್ಜು ಕೊಡಬೇಕು. ಐದಕ್ಕ ಖೋಲಿ ಝಾಡಸಾಕ ಕುರ್ಚಿ ಸರಸಿದ್ರು, ಕಂಬಳಿ ತಗದ್ರು, ಆ ರುಮಾಲು ನನ್ನ ಕೈಯಾಗ ಕೊಟ್ರು. ಏನೈತಿ ನೋಡೂಣು ಅಂತ ಬಿಚ್ಚಿದೆ. ನಾದಾರಿ ಮಿಸಿಲು. ಮೂರನೇದ್ದ ಮಲಕಾರಿದು. ಎಡಕ್ಕ ವಾಲಿದ ಅಕ್ಷರದಾಗ ಹುಕುಂ... ಮುಕ್ತಗೊಳಿಸಲಾಗಿದೆ. ಹದಿನಾಲ್ಕ ವರ್ಷ ಅದರ ಮ್ಯಾಲ ಕುಂತಿದ್ದೆ ತಾಯಿ. ಅಂವ ಬಂದು ಕೇಳಿದಾಗೆಲ್ಲಾ ಅದರ ಮ್ಯಾಲ ಕುಂತ ಇಲ್ಲ ಅಂದಿದ್ದೆ.

ಅರ್ಧಾ ತಾಸು ಟೈಮ್ ಇತ್ತು. ಕುರ್ಚಿ ನಂದು, ಪೆನ್ನು ನಂದು, ಸಿಕ್ಕಾ ಮೇಜಿನ ಮ್ಯಾಲ ಐತಿ. ಮೊದಲಿನ ಶೇರಾ ರದ್ದು, ಮಿಸಿಲು ಸಿಕ್ಕಿರುತ್ತದೆ, ಅಂತ ಒಂದ ಸಾಲು ಬರದಿದ್ರ ಮುಗದಿತ್ತು. ಆದ್ರ ಹಂಗ ಬರದ್ರ ಮೊದಲ ಸುಳ್ಳ ಬರದದ್ದು ಯಾಕ ಅಂತ ಕೇಳ್ತಾರ. ವಿಚಾರಣಿ ಆಕ್ಕೈತಿ. ಪೆನ್ಶನ್ ನಿಲ್ಲತೈತಿ. ಮಗಳ ಮದವಿ ಗೊತ್ತಾಗಿತ್ತು... ಗಂಟು ಕಟ್ಟಿದೆ. ಚಾರ್ಜಿನ ಪಟ್ಟಿಯೊಳಗ ಅದನ್ನ ಬರೀಲೂ ಇಲ್ಲ, ಕಪಾಟಿನ ಹಿಂದ ನೂಕಿದೆ. ಹಾರಾ ಹಾಕಿಸ್ಕೊಂಡು ಮನಿಗೆ ಬಂದೆ.

ಮಗಳ ಮದವಿ ಆದಮ್ಯಾಲ ರಾಮವ್ವನ ಕಡೆ ಹೋದೆ. ಅಳಕೋತ ಎಲ್ಲಾ ಹೇಳಿದೆ. ಅಕಿ ಬೈಲಿಲ್ಲ. ಬಾಯಿಲೆ ಹೇಳಿದ್ರ ನನಗ್ಯಾಕ್ರಿ, ಬರದ ಕೊಟ್ಟವ್ರು ಬರದ ತಗೀರಿ, ಅಂದು ಎದ್ದ ಒಳಗ ಹೋದ್ಲು. ಮರುದಿನ ಊಟದ ಹೊತ್ತಿಗೆ ಕೋರ್ಟಿಗೆ ಹೋಗಿ ಕಿಟಕಿ ಕಡೆ ನಿಂತೆ. ಅಂವ ಬಂದ. ಮಲಕಾರಿ, ನಿನ್ನ ಮಿಸಿಲು ಸಿಕ್ಕೈತಿ, ನೀ ಮುಕ್ತ ಆಗಿದ್ದಿ, ಅಂದೆ. ಕಾಗದಾ ನನ್ನ ಮುಂದ ಹಿಡದು, ಹಂಗ ಇದರಾಗ ಬರದೈತೇನ್ರಿ ಸಾಹೇಬ್ರ, ಅಂದ. ಅದರಾಗ ಬರದದ್ದು ನಂದ ಅಕ್ಷರ.

ಆಮ್ಯಾಲ ನಾನ ಅರ್ಜಿ ಹಾಕಿದೆ, ಎಲ್ಲಾರಂಗ ಸರತಿ ನಿಂತು. ಹದಿನೈದ ದಿನಕ್ಕ ಶೇರಾ ಬಂತು. ಸದರಿ ಮಿಸಿಲು ಈ ದಫ್ತರದಲ್ಲಿ ಇರುವುದಿಲ್ಲ. ಹೊಸಬರ ತಪ್ಪಲ್ಲ ಅದು, ಪಟ್ಟಿಯೊಳಗ ಇಲ್ಲದ್ದು ಅವರಿಗೆ ಹೆಂಗ ಸಿಗಬೇಕು? ಕಪಾಟಿನ ಹಿಂದ ಐತಿ ಅಂದ್ರ ಮುದುಕಗ ಅರಳು ಮರಳು ಅಂತ ನಕ್ಕು ಚಹಾ ಕುಡಿಸಿ ಕಳಸಿದ್ರು. ಬರೇ ಸಿಕ್ಕರೂ ಸಾಲೂದಿಲ್ರಿ, ಆ ಶೇರಾ ತಪ್ಪಂತ ಬರದು ರದ್ದ ಮಾಡಬೇಕು. ನಾನು ವರ್ಷಗಟ್ಟಲೆ ಅರ್ಜಿ ಕೊಟ್ಟೆ. ಮಣಕಾಲು ಹೋದಮ್ಯಾಲ ಈಗ ಮೂರ ವರ್ಷ ಆತು, ಅಲ್ಲಿಗೆ ಹೋಗಿಲ್ಲ.’

ಮುದುಕರು ತಂಬಿಗೆ ಎತ್ತಿ ನೀರು ಕುಡಿದರು. ಗೋಡೆಗೊರಗಿದ ಹೆಂಗಸರಲ್ಲಿ ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ದುಂಡೇಶ ಮೆಲ್ಲಗೆ, ‘ಅಂವ ಈಗೂ ಬರ್ತಾನೇನ್ರಿ ತಾತ್ಯಾ?’ ಎಂದ.

‘ಬರ್ತಾನ. ಕಿಟಕಿಯಾಗ ಕುಂಡ್ರೂ ಹುಡುಗಿ ಹೋದ ತಿಂಗಳ ಫೋನ್ ಮಾಡಿದ್ಲು. ಕಂಬಳಿ ಹೊತ್ತ ಅಜ್ಜಾ ಒಬ್ಬ ಊಟದ ಹೊತ್ತಿಗೆ ನಿಂತಿರ್ತಾನ, ಏನ ಬೇಕಂತ ಕೇಳಾಕ ಎದ್ರ ಇರೂದಿಲ್ಲ, ಅಂದ್ಲು. ನೀವು ನಾಳೆ ಹೋಗ್ತೀರಲ್ಲ, ಹಿಂದಿನ ಗ್ವಾಡಿಗೆ ಹತ್ತಿದ ಕಬ್ಬಣದ ಕಪಾಟು ಸರಸರಿ. ನಿಮ್ಮ ಮಿಸಿಲೂ ಅದ ಗಂಟಿನ್ಯಾಗ ಐತಿ. ನಿಮ್ಮದ ತಗೋರಿ, ಅವಂದೂ ತಗೀರಿ, ಆ ಶೇರಾ ರದ್ದ ಅಂತ ಬರಸರಿ. ನಾ ತಪ್ಪ ಬರದೇನಿ ಅಂತ ಇಲ್ಲೆ ಈಗ ಸಹಿ ಮಾಡಿ ಕೊಡ್ತೇನಿ. ಪೆನ್ಶನ್ ಹೋದ್ರ ಹೋಗಲಿ. ಆದ್ರ ಲಗೂ ಮಾಡ್ರಿ ತಾಯಿ. ಡಾಕ್ಟರು ನನ್ನ ಎದಿ ನೋಡಿ ಮಗನ್ನ ಹೊರಗ ಕರಕೊಂಡು ಹೋಗಿ ಮಾತಾಡ್ಯಾರ.

ಕಿಟಕಿ ಮುಂದ ಒಬ್ಬ ಮುದುಕ ನಿಂತದ್ದು ಕಂಡ್ರ ಹೆದರಬ್ಯಾಡ್ರಿ, ಅಂವ ಮಲಕಾರಿ, ಯಾರಿಗೂ ಏನೂ ಮಾಡೂದಿಲ್ಲ. ಆದ್ರ ನಾಳೆ ನೀವು ಹೋಗೂದರಾಗ ಅಲ್ಲೆ ಇಬ್ಬರು ನಿಂತಿದ್ರ... ಹಿಂದಿನಾಂವ ಯಾರು ಅಂತ ಕೇಳಬ್ಯಾಡ್ರಿ. ನನ್ನ ಹೆಸರ ಹಿಡದು ಕರೀಲೂ ಬ್ಯಾಡ್ರಿ. ಅಂವ ತಿರಗಿ ನೋಡಿದ್ರ ನಾ ಮುಖಾ ಎಲ್ಲಿ ಇಟ್ಕೊಳ್ಳಲಿ?’