ಹಳದಿ ಕೆಂಪು ಬಳಿದ ಬೆಸುಗೆ

ವೇದಿಕೆಯ ಮೇಲಿರುವ ಸಂಘದ ಅಧ್ಯಕ್ಷರಾದ ಮಹಾಲಿಂಗಪ್ಪನವರೇ, ಪದಾಧಿಕಾರಿಗಳೇ, ಬಾನ್ ನಗರ ಮತ್ತು ಸುತ್ತಮುತ್ತಲಿನಿಂದ ಬಂದಿರುವ ಕನ್ನಡ ಬಂಧುಗಳೇ, ಮೂರನೆಯ ಸಾಲಿನಲ್ಲಿ ಕುಳಿತಿರುವ ನನ್ನ ಯಜಮಾನರೇ,

ಎಲ್ಲರಿಗೂ ರಾಜ್ಯೋತ್ಸವದ ಶುಭಾಶಯಗಳು. ಶಾಲು ಹೊದಿಸಿದಿರಿ, ಹಾರ ಹಾಕಿದಿರಿ. ನಿರೂಪಕಿ ರಚನಾ ನನ್ನನ್ನು ಶ್ರೀಮತಿ ಯತಿರಾಜ್ ಎಂದು ಪರಿಚಯಿಸಿದರು. ನನ್ನ ಹೆಸರು ಪುಟ್ಟಲಕ್ಷ್ಮಮ್ಮ. ಇದೇ ಊರಿನ ಪ್ರಯೋಗಾಲಯದಲ್ಲಿ ಗೋಧಿಯ ಬೇರು ನೋಡುತ್ತ ತಲೆ ಬೆಳ್ಳಗಾದವಳು. ಇರಲಿ, ನನ್ನ ಸಿಟ್ಟು ಅದಕ್ಕಲ್ಲ. ಎರಡು ಒಳ್ಳೆಯ ಮಾತಾಡಿ ಎಂದು ಅಧ್ಯಕ್ಷರು ಹೇಳಿದ್ದಾರೆ. ಒಳ್ಳೆಯ ಮಾತು ಇವತ್ತು ನನ್ನ ಬಾಯಿಗೆ ಬರುವುದಿಲ್ಲ.

ಪಕ್ಕದಲ್ಲಿ ಹೂವು ಮುಡಿದು ನಿಂತಿರುವ ಈ ಮೂರು ಚಕ್ರದ ಸ್ಕೂಟರನ್ನು ನೋಡಿ. ಬೆನ್ನುಮೂಳೆಯ ಆಪರೇಷನ್ ಆದಮೇಲೆ ನನ್ನ ಎಡಗಾಲಿಗೆ ಬಲವಿಲ್ಲ. ಗಾಡಿ ನಿಲ್ಲಿಸಿದಾಗ ಕಾಲೂರಿ ಹಿಡಿಯಲಾರೆ. ಹಾಗಾಗಿ ಹಿಂದೆ ಎರಡು ಚಕ್ರ ಕೂರುವಂಥ ಕಬ್ಬಿಣದ ಚೌಕಟ್ಟನ್ನು ನಮ್ಮ ಗ್ಯಾರೇಜಿನಲ್ಲಿ ನಾನೇ ಕಟ್ಟಿದೆ. ಸಂಜೆ ತರಗತಿಗೆ ಹೋಗಿ ವೆಲ್ಡಿಂಗ್ ಕಲಿತೆ. ಹಪ್ಪಳ ಕರಿದ ಹಾಗೆ ಒಂದೇ ಸಮನೆ ಸದ್ದು ಬಂದರೆ ಬೆಸುಗೆ ಸರಿ, ಚಟಪಟ ಎಂದರೆ ಕೆಟ್ಟಿತು. ಮೊದಲನೆಯ ಚೌಕಟ್ಟು ಶಾಖಕ್ಕೆ ಎಳೆದುಕೊಂಡು ಸೊಟ್ಟಗಾಯಿತು. ನೆಟ್ಟಗೆ ಓಡಿಸಿದರೂ ಗಾಡಿ ಪಕ್ಕದ ಮನೆಯ ಬೇಲಿಗೇ ನುಗ್ಗುತ್ತಿತ್ತು. ಕೊಯ್ದು ಬಿಸಾಡಿ ಮತ್ತೆ ಮಾಡಿದೆ. ನಮ್ಮವರು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, "ನಿಂಗ್ಯಾಕೆ ಈ ಉಸಾಬರಿ? ಕಾರಿದೆ, ನಾನಿದ್ದೀನಿ. ಎಲ್ಲಿಗೆ ಹೋಗ್ಬೇಕೋ ಹೇಳು" ಎನ್ನುತ್ತಿದ್ದರು.

ಎಲ್ಲಿಗೆ ಎಂದು ಹೇಳಲಿ, ಸಭಿಕರೇ? ಹೇಳದೆ ಹೋಗಬೇಕು ಎಂಬುದೇ ನನ್ನ ಆಸೆ. ರೈನ್ ನದಿಯ ದಂಡೆಯಲ್ಲಿ ಸುಮ್ಮನೆ ಕೂತು ಬರಬೇಕು. ಈ ಚಳಿಯಲ್ಲಿ ಅಲ್ಲೇನಿದೆ ಎಂದು ಯಾರೂ ಕೇಳಬಾರದು. ಅವರು ಕೆಟ್ಟವರಲ್ಲ. ಆಸ್ಪತ್ರೆಯಲ್ಲಿ ನನ್ನ ತಲೆ ಬಾಚಿ ಜಡೆ ಹಾಕಿದವರು. ಆದರೆ ಅಂದಿನಿಂದ ಬ್ರೆಡ್ ಅಂಗಡಿಗೂ ನಾನು ಒಬ್ಬಳೇ ಹೋದದ್ದಿಲ್ಲ. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು.

ವಿಷಯಕ್ಕೆ ಬರುತ್ತೇನೆ. ಈ ಜರ್ಮನಿ ದೇಶದಲ್ಲಿ ಮನೆಯಲ್ಲಿ ಕಟ್ಟಿದ ಗಾಡಿ ರಸ್ತೆಗಿಳಿಯಬೇಕಾದರೆ ತಪಾಸಣೆ ಆಗಬೇಕು. ನನ್ನ ಟೆರ್ಮೀನ್, ಅಂದರೆ ಅವರು ಗೊತ್ತು ಮಾಡಿದ ದಿನ, ಇರುವುದು ನಾಡಿದ್ದು ಸೋಮವಾರ. ತಪಾಸಣೆಯವರು ಫೋನಿನಲ್ಲಿ ಒತ್ತಿ ಹೇಳಿದ್ದರು: ಬೆಸುಗೆ ಬರಿಗಣ್ಣಿಗೆ ಕಾಣಬೇಕು, ಬಣ್ಣ ಆಮೇಲೆ. ಪ್ರದರ್ಶನಕ್ಕೆ ಬೇಕೆಂದು ಸಂಘದವರು ಕೇಳಿದಾಗ ಗುರುವಾರ ಗಾಡಿಯನ್ನು ಒಪ್ಪಿ ಕಳುಹಿಸಿದೆ. ಇವತ್ತು ಬಂದು ನೋಡಿದರೆ ಬೆಸುಗೆಯ ಮೇಲೆಲ್ಲ ಪುಟ್ಟಿ ಮೆತ್ತಿ, ನುಣ್ಣಗೆ ಉಜ್ಜಿ, ಹಳದಿ ಕೆಂಪು ಬಳಿದಿದ್ದಾರೆ. "ಹೆಂಗೈತೆ ಮೇಡಂ? ಮದುವಣಗಿತ್ತಿ ಇದ್ದಂಗೈತೆ" ಎಂದರು ಅಧ್ಯಕ್ಷರು. ಕನ್ನಡಾಭಿಮಾನ ಬೇಕು ಸ್ವಾಮಿ, ನನ್ನ ಕಬ್ಬಿಣದ ಮೇಲೇ ತೋರಿಸಬೇಕೇ? ಈ ಟೆರ್ಮೀನ್ ತಪ್ಪಿದರೆ ಮುಂದಿನದು ಮಾರ್ಚ್‌ನಲ್ಲಿ. ಚಳಿಗಾಲವಿಡೀ ನಾನು ಕಾರಿನ ಪಕ್ಕದ ಸೀಟಿನಲ್ಲಿ ಕೂತಿರಬೇಕು.

ಬಣ್ಣ ಹಚ್ಚಬಹುದೇ ಎಂದು ಒಂದು ಮಾತು ಕೇಳಬಾರದಿತ್ತೇ ಎಂದು ನಾನು ಆಗಲೇ ರೇಗಿದೆ. ಮಹಾಲಿಂಗಪ್ಪನವರು ಕೈಮುಗಿದು, "ನಿಮ್ಮನ್ನ ಕೇಳಿದ್ರೆ ಸರ್‌ಪ್ರೈಸ್ ಎಲ್ಲಿರ್ತಿತ್ತು ಮೇಡಂ? ಯತಿರಾಜ್ ಸಾರ್‌ನ ಕೇಳ್ಕಂಡೇ ಬಳ್ದಿದ್ದು" ಎಂದರು. ಸಿಟ್ಟಿನ ಭರದಲ್ಲಿ ಆ ಮಾತು ನನ್ನ ಕಿವಿಗೆ ಬೀಳಲಿಲ್ಲ. ಈಗ, ಮೈಕಿನ ಮುಂದೆ ನಿಂತಾಗ ಬೀಳುತ್ತಿದೆ.

ತಪಾಸಣೆಯವರ ಫೋನು ಬಂದಾಗ ನಾನು ಸ್ಪೀಕರ್ ಹಾಕಿ ಮಾತಾಡಿದೆ. ಎದುರಿಗೆ ಕೂತು ಅವಲಕ್ಕಿ ತಿನ್ನುತ್ತಿದ್ದವರು ಯಾರು? "ಅಂದ್ರೆ ಬಣ್ಣ ಸೋಕಿಸೋ ಹಾಗೇ ಇಲ್ಲ ಅನ್ನು" ಎಂದವರು ಯಾರು?

ಬಂಧುಗಳೇ, ನಿಮ್ಮನ್ನು ಸುಮ್ಮನೆ ಬೈದೆ, ಹೊಟ್ಟೆಗೆ ಹಾಕಿಕೊಳ್ಳಿ. ನಿಮಗೆ ಗೊತ್ತಿರಲಿಲ್ಲ.

ಏನ್ರೀ, ನಿಮಗೆ ಗೊತ್ತಿತ್ತಲ್ಲ. ತಲೆ ತಗ್ಗಿಸಬೇಡಿ, ಈ ಕಡೆ ನೋಡಿ. ನಾನು ಬೀಳುತ್ತೇನೆಂಬ ಭಯವೋ, ನೀವಿಲ್ಲದೆಯೂ ಓಡಾಡುತ್ತೇನೆಂಬ ಭಯವೋ, ನನಗೆ ತಿಳಿಯದು. ಹೋಗಬೇಡ ಎಂದು ಬಾಯಿಬಿಟ್ಟು ಅಂದಿದ್ದರೆ ಜಗಳವಾಡಿಯಾದರೂ ಹೋಗುತ್ತಿದ್ದೆ. ಅದು ನಿಮಗೆ ಗೊತ್ತು. ಅದಕ್ಕೇ ನನಗೆ ತಿಳಿಸದೆ ಬಣ್ಣಕ್ಕೆ ಹೂಂ ಎಂದು, ಈ ಸನ್ಮಾನ ಮಾಡಿಸಿದಿರಿ.

ಇವತ್ತು ನಾನು ಕಾರಿನಲ್ಲಿ ಬರುವುದಿಲ್ಲ. ಇಲ್ಲೇ ಕೂತು ಈ ಬಣ್ಣ, ಪುಟ್ಟಿ ಎಲ್ಲ ಕೆರೆದು ತೆಗೆಯುತ್ತೇನೆ. ಹಾಲ್ ಖಾಲಿ ಮಾಡಿ ಎಂದು ಇಲ್ಲಿನ ಬೀಗದ ಕೈ ಇಟ್ಟುಕೊಂಡಿರುವ ಹೌಸ್‌ಮೈಸ್ಟರ್ ಬಂದರೆ ಅವನಿಗೂ ನಾನೇ ಉತ್ತರ ಹೇಳುತ್ತೇನೆ. ಸೋಮವಾರದೊಳಗೆ ಮುಗಿಯುತ್ತದೋ ಇಲ್ಲವೋ ಕಾಣೆ. ನೀವೆಲ್ಲ ಊಟ ಮಾಡಿಕೊಂಡು ಹೋಗಿ, ಬಿಸಿಬೇಳೆಬಾತ್ ಚೆನ್ನಾಗಿದೆಯಂತೆ. ಅಡಿಗೆಮನೆಯಿಂದ ಯಾರಾದರೂ ಒಂದು ಮಗುಚುವ ಕೈ ತಂದುಕೊಡಿ, ಅಂಚು ಹರಿತವಾಗಿರಲಿ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ. ನಮಸ್ಕಾರ.