ಮೊದಲ ಎಲೆ ಬಿಟ್ಟುಕೊಟ್ಟ ಯಜಮಾನ

ಇಂದಿನ ಪ್ರವಚನದ ಶ್ಲೋಕ ಹಿಡಿದು, ಆಚಾರವೆಂದರೇನು ಎಂಬ ವಿಚಾರದಲ್ಲಿದ್ದೆವು. ಒಂದು ದೃಷ್ಟಾಂತ ಹೇಳಿ ಮುಂದಕ್ಕೆ ಹೋಗುತ್ತೇನೆ.

ಶ್ರೀಮಂತನೊಬ್ಬನಿದ್ದ, ಊರು ಯಾವುದೆಂದು ಕೇಳಬೇಡಿ, ನಮ್ಮದೇ ಎಂದುಕೊಳ್ಳಿ. ಅಲ್ಲಿನ ಮಠದ ಆರಾಧನೆಯಲ್ಲಿ ಪಂಕ್ತಿಯ ಮೊದಲ ಎಲೆ ಅವನ ಮನೆತನಕ್ಕೆ ಮೀಸಲು. ಅಜ್ಜ ಕುಳಿತದ್ದು ಅಲ್ಲಿ, ತಂದೆ ಕುಳಿತದ್ದು ಅಲ್ಲಿ. ಇವನೂ ಮಣೆಯ ಮೇಲೆ ಕಾಲು ಮಡಿಚಿ, ಬೆನ್ನು ನೆಟ್ಟಗೆ ಮಾಡಿ ಕುಳಿತನೆಂದರೆ ಪಂಕ್ತಿಗೇ ಒಂದು ಕಳೆ.

ವಯಸ್ಸಾಯಿತು, ಸೊಂಟದ ಕೀಲು ಸವೆಯಿತು. ಶಸ್ತ್ರವೈದ್ಯೆ ಕೃತಕ ಕೀಲು ಕೂಡಿಸಿ, ನೆಲದ ಮೇಲೆ ಕೂರಬಾರದು ಎಂದಳು. ಕೇಳಿದನೇ? ಕೇಳಿದ. ಹಬ್ಬದ ದಿನ, ಪೂಜೆಯ ದಿನ, ಆರಾಧನೆಯ ದಿನ ಮಾತ್ರ ಕೇಳಲಿಲ್ಲ. ನೋಡಿ, ನಮ್ಮ ಪಂಚಾಂಗದಲ್ಲಿ ಅವನ್ನು ಕಳೆದರೆ ಉಳಿಯುವ ದಿನಗಳೆಷ್ಟು?

ಹೆಂಡತಿ ಬೇಡಿದಳು. "ಕುರ್ಚಿ ಮ್ಯಾಲ ಕೂಡ್ರಿ. ಯಾರೇನೂ ಅನ್ನೂದಿಲ್ಲ."

"ಕುರ್ಚಿ ಮ್ಯಾಲ ಉಣ್ಣೋದು ಹೋಟೆಲಿನಾಗ. ನಮ್ಮ ಮನೆತನದ ಗೌರವ ಏನಾಗ್ಬೇಕು?"

"ಗೌರವ ಕೂಡತದ. ಏಳೂಮುಂದ ನಾಕ್ ಮಂದಿ ಎತ್ತಬೇಕಾಗ್ತದ."

ವರ್ಷಗಳು ಕಳೆದವು. ತೊಡೆಯೆಲುಬಿನ ಗುಂಡು ಕೂರಲೆಂದು ಕೀಲಿನೊಳಗೆ ಕೂಡಿಸಿದ್ದ ಬಟ್ಟಲು ಸಡಿಲಗೊಂಡು ಸುತ್ತಲಿನ ಎಲುಬನ್ನೇ ತಿಂದಿತು. ಹೆಜ್ಜೆ ಇಡಲಾಗದೆ ಮತ್ತೆ ಅದೇ ವೈದ್ಯೆಯ ಮುಂದೆ ಬಂದ.

"ಮೊದಲಿಂದು ಯಾಕ ಹಿಡೀಲಿಲ್ಲವ್ವಾ?" ಎಂದು ಕೇಳಿದ.

"ಹಿಡದಿತ್ತು ಕಾಕಾ. ನೀವು ಬಿಡಿಸಿದ್ರಿ." ಆಕೆ ಹೊಸ ಬಟ್ಟಲೊಂದನ್ನು ಅವನ ಅಂಗೈಯಲ್ಲಿಟ್ಟಳು. "ನೋಡ್ರಿ, ಸ್ಪಂಜಿನಂಗ ತೂತು ತೂತು ಇರೋ ಲೋಹ. ಕೂಡಿಸೋದು ನನ್ನ ಕೆಲಸ. ಈ ತೂತಿನೊಳಗ ಬೆಳದು ಹಿಡಕೊಳ್ಳೋದು ನಿಮ್ಮ ಎಲುಬಿನ ಕೆಲಸ. ಅದಕ್ಕ ಪುರಸತ್ತು ಕೊಡ್ರಿ. ಇನ್ನೊಮ್ಮೆ ಸಡಿಲಾದ್ರ, ಕೂಡಿಸಲಿಕ್ಕೆ ಎಲುಬ ಉಳಿಯೂದಿಲ್ಲ."

ಹೊಸ ಬಟ್ಟಲು ಕೂಡಿಸಿಯಾಯಿತು. ಈ ಸಲ ಆತ ಪುರಸತ್ತು ಕೊಟ್ಟ. ವೈದ್ಯೆ ಕಾಲಿನ ಮೇಲೆ ಭಾರ ಹಾಕಬೇಡಿ ಎಂದಷ್ಟು ಕಾಲ ಹಾಕಲಿಲ್ಲ. ಆರಾಧನೆ ಬಂತು. ಕೋಲೂರಿ ಮಠಕ್ಕೆ ಬಂದ. ಮೊದಲ ಎಲೆ ಹಾಸಿತ್ತು, ಮಣೆ ಇಟ್ಟಿತ್ತು, ಇಡೀ ಪಂಕ್ತಿ ಅವನನ್ನೇ ನೋಡುತ್ತಿತ್ತು. ಹೇಳಿ, ಆ ಕ್ಷಣದಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಆತ ಹೇಳಿದ: "ಈ ಎಲಿಗೆ ನಮ್ಮ ತಮ್ಮನ್ನ ಕೂಡಸ್ರಿ. ನನಗ ಅಲ್ಲೆ ಮೇಜಿನ ಮ್ಯಾಲ ಬಡಸ್ರಿ."

ಪಂಕ್ತಿಯಲ್ಲೊಬ್ಬ ಪಕ್ಕದವನಿಗೆ ಕೇಳುವಷ್ಟು ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ ಅಂದ: "ಅಂತೂ ಯಜಮಾನ್ರು ಸೋತ್ರು."

"ಹೌದಪಾ, ಸೋತೀನಿ. ಎಲುಬು ಗೆಲ್ಲಲಿ ಅಂತ."

ಎಲುಬು ಗೆದ್ದಿತು. ಮುಂದೆ ಎಕ್ಸ್‌ರೇ ನೋಡಿ ವೈದ್ಯೆ, "ಕಾಕಾ, ಲೋಹ ಎಲ್ಲಿ ಮುಗಿತು, ಎಲುಬು ಎಲ್ಲಿ ಶುರು ಆತು, ಹೇಳೋದು ಕಷ್ಟ" ಎಂದಳು. ಮರುವರ್ಷ ಆತ ಕೋಲಿಲ್ಲದೆ ಪ್ರದಕ್ಷಿಣೆ ಬಂದು, ಮತ್ತೆ ಮೇಜಿಗೇ ಹೋಗಿ ಕುಳಿತ. ಅಲ್ಲಿ ಅವನೊಬ್ಬನೇ ಇರಲಿಲ್ಲ. ಮಂಡಿನೋವೆಂದು ಹೇಳಲು ನಾಚಿ ಮನೆಯಲ್ಲೇ ಉಳಿದಿದ್ದ ಹಿರಿಯರೆಲ್ಲ ಬಂದಿದ್ದರು. ಅವನನ್ನು ನೆನೆದರೆ ನನ್ನ ಎದೆ ಇಂದಿಗೂ ಹಿಗ್ಗುತ್ತದೆ. ಮಣೆಯ ಮೇಲೆ ಕುಳಿತಾಗ ಆತ ಮನೆತನಕ್ಕೆ ಯಜಮಾನನಾಗಿದ್ದ. ಕುರ್ಚಿಯ ಮೇಲೆ ಕುಳಿತಂದು ಊರಿಗೇ ಯಜಮಾನನಾದ.

ಕಾಯಿಲೆಯವನಿಗೆ ಶಾಸ್ತ್ರವೇ ರಿಯಾಯಿತಿ ಕೊಟ್ಟಿರುವಾಗ ತಡೆಯುವವರು ಯಾರು? ನಮ್ಮ ಬಿಗುಮಾನ. ದೇವರ ಅನುಗ್ರಹವೂ ಆ ತೂತಿನ ಲೋಹದೊಳಗೆ ಬೆಳೆದ ಎಲುಬಿನ ಹಾಗೆಯೇ. ಒಳಗೆ ಬರಲು ಎಡೆಯಿದ್ದರೆ ಬೇರೂರುತ್ತದೆ. ನಯವಾಗಿ ಮುಚ್ಚಿಕೊಂಡ ಮನಸ್ಸಿನ ಮೇಲಿಂದ ಜಾರಿಹೋಗುತ್ತದೆ.

ಆದ್ದರಿಂದ ಇಂದೇ ಮನೆಗೆ ಹೋಗಿ ದೇವರ ಕೋಣೆಯಲ್ಲಿ ಒಂದು ಕುರ್ಚಿ ಇಡಿ. ಅತ್ತೆಗೆ, ಮಾವನಿಗೆ, ಬೇಕಾದರೆ ನಿಮಗೇ. ವೈದ್ಯರ ಮಾತನ್ನು ಹಬ್ಬದ ದಿನವೂ ಪಾಲಿಸಿ. ಕುರ್ಚಿಯಲ್ಲಿ ಕುಳಿತವರನ್ನು ಕಂಡು ನಗಬೇಡಿ. ಮೊದಲು ಅವರಿಗೆ ಬಡಿಸಿ. ಈಗ, ಅಲ್ಲಿ ಹಿಂದೆ ಗೋಡೆಗೆ ಒರಗಿ, ಕಾಲು ನೀವಿಕೊಳ್ಳುತ್ತ ನೆಲದ ಮೇಲೆ ಕುಳಿತಿರುವ ಹಿರಿಯರು ದಯವಿಟ್ಟು ಏಳಿ. ಪಕ್ಕದಲ್ಲಿ ಕುರ್ಚಿಗಳಿವೆ. ನೀವು ಕುಳಿತ ಮೇಲೆಯೇ ಮುಂದಿನ ಶ್ಲೋಕ.