ಕ್ರೇಟಿನ ಮೇಲಿದ್ದ ಡಬ್ಬಿ ನಾಲ್ವರದು ಎಂಬ ಬಗ್ಗೆ

ಹೆಸರು: ನಾಗುಮೊ ತೊಮಿಎ
ವಯಸ್ಸು: 64 ವರ್ಷ
ಕಸುಬು: ಲೇತ್ ಕೆಲಸ, ಸ್ವಂತ ವರ್ಕ್‌ಶಾಪು
ವಾಸ: ಸದರಿ ವರ್ಕ್‌ಶಾಪಿನ ಮಹಡಿ, ಕೊಜಿಯಾ, ಓಟಾ ವಾರ್ಡ್, ಟೋಕಿಯೊ

ಮೇಲ್ಕಂಡ ವಿಳಾಸದ ನಾನು ಈ ದಿನ ಬೆಳಿಗ್ಗೆ 11-40ಕ್ಕೆ ಸೇತುವೆ ಪಕ್ಕದ ಪೊಲೀಸ್ ಚೌಕಿಗೆ ಖುದ್ದಾಗಿ ಹಾಜರಾಗಿ, ಯಾರ ಒತ್ತಾಯವೂ ಇಲ್ಲದೆ, ದನಿ ತಗ್ಗಿಸುವಂತೆ ಪೇದೆ ಒನೊಡೆರಾ ಅವರು ಎರಡು ಸಲ ಕೇಳಿಕೊಂಡ ಮೇಲೆ, ಹೇಳಿ ಬರೆಸುವುದೇನೆಂದರೆ:

ನಾನು 41 ವರ್ಷದಿಂದ ಲೇತ್ ನಡೆಸುತ್ತಿದ್ದೇನೆ. ನಮ್ಮ ಓಣಿಯ 300 ಮೀಟರ್ ಉದ್ದದಲ್ಲಿ 19 ವರ್ಕ್‌ಶಾಪುಗಳಿವೆ. ಒಬ್ಬರು ಮಾಡುವ ಕೆಲಸವನ್ನು ಇನ್ನೊಬ್ಬರು ಮಾಡುವುದಿಲ್ಲ. ನಾನು ಲೋಹ ಕಡೆಯುತ್ತೇನೆ. ನನ್ನಿಂದ 80 ಮೀಟರ್ ದೂರದ ಮಿಶಿನಾ ಕಾಯೊ, 52 ವರ್ಷ, ಸ್ಪ್ರಿಂಗ್ ಸುತ್ತುತ್ತಾಳೆ. ಅವಳಿಂದ 140 ಮೀಟರ್ ಆಚೆ ಕುವಾಬಾರಾ ಎಯಿಸಾಕು ತಾತ, 84 ವರ್ಷ, ಸಾಣೆ ಹಿಡಿದು, ಪಾಲಿಶ್ ಕೊಟ್ಟು, ಬಿಡಿಭಾಗಗಳನ್ನು ಜೋಡಿಸುತ್ತಾರೆ. ಕೆಲಸ ಸೈಕಲ್ ಮೇಲೆ ಬಾಗಿಲಿಂದ ಬಾಗಿಲಿಗೆ ಹೋಗುತ್ತದೆ. ಶಟರ್ ಎಳೆದಿದ್ದರೆ ಹೊರಗೆ ಬೋರಲು ಹಾಕಿದ ಬಿಯರ್ ಕ್ರೇಟಿನ ಮೇಲೆ ಇಟ್ಟು ಬರುವುದು ವಾಡಿಕೆ. ಚೀಟಿ ಇಲ್ಲ, ಹೆಸರಿಲ್ಲ, ಬೀಗವಿಲ್ಲ. ನಲವತ್ತೊಂದು ವರ್ಷದಲ್ಲಿ ಒಂದು ವಾಷರ್ ಕೂಡ ಕಳೆದಿಲ್ಲ! (ಈ ವಾಕ್ಯಕ್ಕೆ ಉದ್ಗಾರ ಚಿಹ್ನೆ ಹಾಕುವಂತೆ ನಾನೇ ಕೋರಿದ್ದೇನೆ.)

ಪ್ರತಿಯೊಬ್ಬರೂ ತಮ್ಮ ಭಾಗವನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕುತ್ತಾರೆ. ಕೊನೆಗೆ ಜೋಡಿಸುವವರು ಮಾತ್ರ ಎಲ್ಲವನ್ನೂ ಬಿಚ್ಚುತ್ತಾರೆ. ಉಳಿದವರು ಬಿಚ್ಚಿದರೆ, ಪಕ್ಕದ ಮನೆಯವರ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ಉಪ್ಪು ನೋಡಿದ ಹಾಗೆ.

ನನ್ನ ಎದುರು ಸಾಲಿನ ಕ್ಷೌರಿಕರು ಅಕುತ್ಸು ಸೆನ್‌ಕಿಚಿ, 70 ವರ್ಷ. ಇವರಿಗೆ ಹೋದ ವರ್ಷ ಸೆಪ್ಟೆಂಬರಿನಲ್ಲಿ ಪಾರ್ಶ್ವವಾಯು ಹೊಡೆದು ಬಲಗೈ ಹೆಬ್ಬೆರಳು ನಿಂತುಹೋಯಿತು. ಅಂದಿನಿಂದ ಹದಿನಾಲ್ಕು ತಿಂಗಳು ಅಂಗಡಿ ಮುಚ್ಚಿತ್ತು. ಈ ವರ್ಷ ಜನವರಿಯಲ್ಲಿ ಅವರು ತಮ್ಮ ಕತ್ತರಿಯನ್ನೂ, ಅಂಗೈಯಲ್ಲಿ ಒತ್ತಿ ಅಚ್ಚು ತೆಗೆದ ಒಂದು ಜೇಡಿಮಣ್ಣಿನ ಮುದ್ದೆಯನ್ನೂ ಹಿಡಿದು ನನ್ನಲ್ಲಿಗೆ ಬಂದರು.

"ಏನಮ್ಮ ತೊಮಿಎ, ಹೆಬ್ಬೆಟ್ಟು ಸತ್ತಿದೆ, ಅಂಗೈ ಬದುಕಿದೆ. ಅಂಗೈಲೇ ಕತ್ತರಿ ಆಡಿಸೋಕಾಗತ್ತಾ?"

"ಲೇತಿನ ಮುಂದೆ ನಿಂತು ಇಂಥ ಪ್ರಶ್ನೆ ಕೇಳೋಕೆ ನಾಚಿಕೆ ಆಗಲ್ವಾ ಅಕುತ್ಸು ಅಣ್ಣ? ಆಗತ್ತೆ!" ಎಂದೆ. ಆಗುತ್ತದೋ ಇಲ್ಲವೋ ಆಗ ನನಗೆ ಗೊತ್ತಿರಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕಾಗಿ ವಿನಂತಿ.

ಕತ್ತರಿಯಲ್ಲಿ ಹೆಬ್ಬೆರಳು ತೂರಿಸುವ ಬಳೆ ತೆಗೆದು ಅಲ್ಲಿ ಅಂಗೈಗೆ ಕೂರುವ ಗುಂಡು ನಾನು ಕಡೆಯುವುದು, ಅಲಗು ತಾನಾಗಿ ಬಿಚ್ಚಿಕೊಳ್ಳಲು ಮಿಶಿನಾ ಸ್ಪ್ರಿಂಗ್ ಸುತ್ತುವುದು, ಕುವಾಬಾರಾ ತಾತ ಸಾಣೆ ಹಿಡಿದು ಜೋಡಿಸುವುದು ಎಂದಾಯಿತು. ಮೊದಲನೆಯ ಕತ್ತರಿ ಅಂಗೈ ಕೊರೆಯಿತು. ಎರಡನೆಯದು ಬಿಚ್ಚಿಕೊಂಡಿತು, ಮುಚ್ಚಲಿಲ್ಲ. ಮೂರನೆಯದು ಕೂದಲು ಕತ್ತರಿಸಿತು, ಆದರೆ ಮುಚ್ಚುವಾಗಲೆಲ್ಲ ಟಕ್ ಎಂದಿತು. ಮೂರು ಸಲವೂ ಅಕುತ್ಸು ಅಣ್ಣ ಅಂಗಡಿಯ ಶಟರಿನ ಮೇಲೆ ತೆರೆಯುವ ತಾರೀಖು ಬರೆದು, ಮೂರು ಸಲವೂ ಅಳಿಸಿದರು.

"ಟಕ್ ಅಂದ್ರೆ ಏನೀಗ? ಸದ್ದಿಗೆ ಯಾರ ಕಿವೀನೂ ಉದುರಿ ಬೀಳಲ್ಲ" ಎಂದು ನಾನು ವಾದಿಸಿದ್ದು ನಿಜ.

"ಗಿರಾಕಿ ಕಣ್ಮುಚ್ಚಿ ಕೂತಿರ್ತಾನಮ್ಮ. ಕಿವಿ ಪಕ್ಕ ಟಕ್ ಅಂದ್ರೆ ಬೆಚ್ಚಿ ಬೀಳ್ತಾನೆ. ಬೆಚ್ಚಿಬೀಳೋ ತಲೆಗೆ ನಾನು ಕತ್ತರಿ ಇಡಲ್ಲ" ಎಂದು ಅವರು ತಿಳಿಸಿದರು. ನಾವು ಮೂವರೂ ಆರು ವಾರ ತಲೆ ಕೆಡಿಸಿಕೊಂಡೆವು. ಸದ್ದು ಹೋಗಲಿಲ್ಲ. ಅಳತೆಗಳನ್ನೆಲ್ಲ ಬದಲಾಯಿಸಿ ನಾಲ್ಕನೆಯದಕ್ಕೆ ಕೈಹಾಕಿದೆವು. ಶಟರಿನ ಮೇಲೆ ಅವರು ಬರೆದದ್ದು: 13 ನವೆಂಬರ್, ಬೆಳಿಗ್ಗೆ 10. ಐದನೆಯ ತಾರೀಖು ಬರೆಯುವುದಿಲ್ಲ, ಅಂದು ಆಗದಿದ್ದರೆ ಬಾಗಿಲಲ್ಲಿ ತಿರುಗುವ, ಕ್ಷೌರದಂಗಡಿಯ ಗುರುತಿನ ಬಣ್ಣದ ಕಂಬ ಇಳಿಸಿ ಅಂಗಡಿ ಬಿಟ್ಟುಕೊಡುತ್ತೇನೆ ಎಂದರು. ಅವರು ಆಡಿದ ಮಾತು ತಿರುಗಿಸುವ ಮನುಷ್ಯರಲ್ಲ.

ಕುವಾಬಾರಾ ತಾತ ಬೇರೆ ಯಾರಿಗೂ ತಲೆ ಕೊಡುವುದಿಲ್ಲವೆಂದು ಹಟ ಹಿಡಿದು ಹದಿನಾಲ್ಕು ತಿಂಗಳು ಕೂದಲು ಬಿಟ್ಟಿದ್ದರು. ಸಾಣೆಚಕ್ರಕ್ಕೆ ಸಿಕ್ಕೀತೆಂದು ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿಕೊಳ್ಳುತ್ತಿದ್ದರು. ಹಿಂದಿನಿಂದ ನೋಡಿದವರು ಅಜ್ಜೀ ಎಂದು ಕೂಗುತ್ತಾರೆ ಎಂದು ಮಿಶಿನಾ ಹಂಗಿಸುತ್ತಿದ್ದಳು.

ಈ ದಿನ ಬೆಳಿಗ್ಗೆ 6-20ಕ್ಕೆ ಮಿಶಿನಾ ನನ್ನ ಗುಂಡು ಮತ್ತು ತನ್ನ ಸ್ಪ್ರಿಂಗ್ ಇದ್ದ ಅಕ್ಕಿ ಬಿಸ್ಕತ್ತಿನ ತಗಡಿನ ಡಬ್ಬಿಯನ್ನು ತಾತನ ಕ್ರೇಟಿನ ಮೇಲೆ ಇಟ್ಟು ಹೋದಳು. 7-00ಕ್ಕೆ ತಾತ ಶಟರ್ ಎತ್ತಿದರು. 7-06ಕ್ಕೆ ನನ್ನ ಬಾಗಿಲಲ್ಲಿ ಸೈಕಲ್ ಸಮೇತ ನಿಂತು, "ತೊಮಿಎ! ಕ್ರೇಟು ಬರಿದಾಗಿದೆ ಕಣೇ!" ಎಂದು ಕೂಗಿದರು. ನನ್ನ ಕೈಯಲ್ಲಿದ್ದ ಬಾರ್ಲಿ ಚಹದ ಲೋಟ ಅಲ್ಲೇ ಬಿತ್ತು. ಮಿಶಿನಾಳನ್ನೂ ಕರೆದುಕೊಂಡು ನಾವು ಮೂವರೂ ಓಣಿಯ ಉಳಿದ ಹದಿನಾರು ಬಾಗಿಲು ಬಡಿದೆವು. 8-05ಕ್ಕೆ ತೋಫು ಅಂಗಡಿಯಾಕೆ, ಕಂದು ನಾಯಿ ಹಿಡಿದ ಹೊಸ ಹೆಂಗಸೊಬ್ಬರು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಸೇತುವೆ ಕಡೆ ಹೋದರೆಂದು ಹೇಳಿದಳು.

8-14ಕ್ಕೆ ಚೌಕಿ ತಲುಪಿದೆವು. ಡಬ್ಬಿ ಮೇಜಿನ ಮೇಲಿತ್ತು. ಅದಕ್ಕೆ ಚೀಟಿ ಕಟ್ಟಿತ್ತು. ನಲವತ್ತೊಂದು ವರ್ಷದಲ್ಲಿ ನಮ್ಮ ಡಬ್ಬಿಗೆ ಬಿದ್ದ ಮೊದಲ ಚೀಟಿ.

ಡಬ್ಬಿ ನಿಮ್ಮದೇ ಎಂಬುದಕ್ಕೆ ಒಳಗಿರುವುದನ್ನು ವಿವರಿಸಿ ಎಂದು ಪೇದೆ ಒನೊಡೆರಾ ಕೇಳಿದರು. ಹಿತ್ತಾಳೆ ಗುಂಡು, ಅಗಲ 32 ಮಿಲಿಮೀಟರ್, ಒಂದು ಮಗ್ಗುಲಲ್ಲಿ ಅರ್ಧ ಮಿಲಿಮೀಟರ್ ತಗ್ಗು, ಯಾಕೆಂದರೆ ಅಕುತ್ಸು ಅಣ್ಣನ ಅಂಗೈಯಲ್ಲಿ ಅಲ್ಲೊಂದು ಗಂಟಿದೆ ಎಂದೆ. ತಾತ ಜೇಬಿನಿಂದ ಕ್ಯಾಲಿಪರ್ ತೆಗೆದುಕೊಟ್ಟರು. ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ.

"ಸರಿ, ಸ್ಪ್ರಿಂಗಿಗೆ ಎಷ್ಟು ಸುತ್ತು?"

"ನಂಗೇನ್ ಗೊತ್ತು? ಅದು ಮಿಶಿನಾಳದು."

"ನಿಮ್ಮ ಡಬ್ಬಿ ಅಂತೀರ, ಒಳಗೇನಿದೆ ಅಂತ ಪೂರ್ತಿ ಗೊತ್ತಿಲ್ವಾ ಅಮ್ಮ?"

"ಪೂರ್ತಿ ಗೊತ್ತಿರೋರು ಈ ಓಣೀಲಿ ಯಾರೂ ಇಲ್ಲ ಸ್ವಾಮಿ! ಅದೇ ನಮ್ಮ ಓಣಿ!"

ಇಲ್ಲಿ ಮೊದಲನೆಯ ಸಲ ದನಿ ತಗ್ಗಿಸಲು ಹೇಳಲಾಯಿತು. ಮಿಶಿನಾ ಮುಂದೆ ಬಂದು ಏಳೂವರೆ ಸುತ್ತು, ಕೊನೆಯ ಅರ್ಧ ಸುತ್ತು ಎಡಕ್ಕೆ ಬಾಗಿದೆ ಎಂದಳು. ಎಣಿಸಿದಾಗ ಸರಿಹೋಯಿತು. ಆಮೇಲೆ ಪೇದೆಯವರು ಡಬ್ಬಿಯ ತಳದಿಂದ ಮೂರನೆಯ ಪೊಟ್ಟಣ ತೆಗೆದು ಬಿಚ್ಚಿದರು. ಅದರಲ್ಲಿ ಅಂಗಿಯ ಗುಂಡಿಯಷ್ಟಗಲದ ಒಂದು ಕಪ್ಪು ತೊಗಲಿನ ಬಿಲ್ಲೆ ಇತ್ತು. ಅಂಚು ಓರೆಕೋರೆ. ನಾನು ಇಟ್ಟದ್ದಲ್ಲ. ಮಿಶಿನಾ ಇಟ್ಟದ್ದಲ್ಲ. ತಾತ ಅದನ್ನು ಕಂಡೇ ಇರಲಿಲ್ಲ.

"ಒಳಗಿರೋದು ಮೂರು, ನೀವು ಹೇಳಿದ್ದು ಎರಡು. ಮೂರನೇದು ಬೇರೆ ಯಾರದ್ದೋ ಆದ್ರೆ ಡಬ್ಬೀನೂ ಅವ್ರದ್ದೇ ಇರಬಹುದಲ್ಲ" ಎಂದು ಒನೊಡೆರಾ ಅವರು ತಿಳಿಸಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆಗ ಗಂಟೆ 8-40.

8-50ಕ್ಕೆ ಡಬ್ಬಿ ತಂದೊಪ್ಪಿಸಿದ ತೊಕಿತಾ ಮಿಹೊ, 34 ವರ್ಷ, ಫೋನ್ ಕರೆಯ ಮೇರೆಗೆ ನಾಯಿಯೊಂದಿಗೆ ಬಂದರು. ಎಂಟು ದಿನದ ಹಿಂದೆ ಹೊಸ ಅಪಾರ್ಟ್‌ಮೆಂಟಿಗೆ ಬಂದವರು. ಸೊಂಟ ಬಗ್ಗಿಸಿ, "ಯಾರೋ ಮರೆತು ಹೋಗಿದಾರೆ ಅಂದ್ಕೊಂಡೆ, ಹಾಗೇ ಬಿಟ್ರೆ ಕಳುವಾಗತ್ತೆ ಅಂತ..." ಎಂದರು.

"ನಮ್ಮ ಓಣೀಲಿ ಸಾಮಾನು ಕಾಣೆಯಾಗ್ಬೇಕು ಅಂದ್ರೆ ನಿಮ್ಮಷ್ಟು ಪ್ರಾಮಾಣಿಕರು ಬರಬೇಕಾಯ್ತಲ್ಲ ತಾಯಿ!" ಎಂದರು ತಾತ. ಆಕೆ ಅಳುವುದೋ ನಗುವುದೋ ತಿಳಿಯದೆ ಮತ್ತೊಮ್ಮೆ ಬಗ್ಗಿದರು.

9-04ಕ್ಕೆ ಅಕುತ್ಸು ಅಣ್ಣ ಬಿಳಿ ಕೋಟು ತೊಟ್ಟು, ಕೋಲೂರಿಕೊಂಡು ಬಂದರು. ಯಾರೂ ಅವರನ್ನು ಕರೆದಿರಲಿಲ್ಲ. ಅವರು ಮೇಜಿನ ಮೇಲಿನ ಬಿಲ್ಲೆಯನ್ನು ನೋಡಿ ಕಿವಿಯವರೆಗೂ ಕೆಂಪಾದರು.

"ಅದು... ನಂದು" ಎಂದರು. "ನಮ್ಮಪ್ಪನ ಕಾಲದ ಕತ್ತಿ ಮಸೆಯೋ ತೊಗಲಿನ ಪಟ್ಟಿಯಿಂದ ಕತ್ತರಿಸಿದ್ದು. ನಿನ್ನೆ ಸಂಜೆ ಮಿಶಿನಾ ಚಹ ತರೋಕೆ ಒಳಗೆ ಹೋದಾಗ ಡಬ್ಬೀಲಿ ಹಾಕಿದೆ. ಗುಂಡಿನ ಕೆಳಗಿಟ್ರೆ ಟಕ್ ಅನ್ನಲ್ಲ. ಎಡಗೈಲಿ ಕತ್ತರಿಸಿದ್ದು, ಅಂಚು ಸರಿಯಿಲ್ಲ. ನಿಮ್ಮ ಕೆಲಸದ ಮಧ್ಯೆ ಇದನ್ನ ಕೈಗೆ ಕೊಡೋಕೆ ನಾಚಿಕೆ ಆಯ್ತು."

ತಾತ ಬಿಲ್ಲೆಯನ್ನು ಕ್ಯಾಲಿಪರಿನಲ್ಲಿ ಹಿಡಿದರು. ಮತ್ತೆ ಹಿಡಿದರು. "ಒಂದೂಕಾಲು ಮಿಲಿಮೀಟರ್" ಎಂದರು. "ಆರು ವಾರ ನಾವು ಮೂರು ಜನ ಕತ್ತೆಗಳು ಹುಡುಕಿದ್ದು ಈ ಒಂದೂಕಾಲು ಮಿಲಿಮೀಟರ್ ಕಣಯ್ಯಾ!" ಎರಡನೆಯ ಸಲ ದನಿ ತಗ್ಗಿಸಲು ಹೇಳಿದ್ದು ನನಗೆ. ಆದರೆ ಕೂಗಿದ್ದು ತಾತ ಎಂಬುದನ್ನು ಸ್ಪಷ್ಟಪಡಿಸುತ್ತೇನೆ.

ಲಿಖಿತ ಹೇಳಿಕೆಯನ್ನು ಇಂದೇ ಕೊಡಬೇಕೆಂಬ ಷರತ್ತಿನ ಮೇಲೆ 9-16ಕ್ಕೆ ಡಬ್ಬಿ ನಮ್ಮ ಕೈಸೇರಿತು. ತಾತ ಸಾಣೆ ಹಿಡಿದು ಬಟ್ಟೆಯಲ್ಲಿ ಸುತ್ತಿ ತಂದಿದ್ದ ಅಲಗುಗಳನ್ನು ತೆಗೆದು, ಚೌಕಿಯ ಮೇಜಿನ ಮೇಲೆಯೇ 9-41ಕ್ಕೆ ಕತ್ತರಿ ಜೋಡಿಸಿ ಮುಗಿಸಿದರು. ಡಬ್ಬಿ ತಂದದ್ದಕ್ಕೆ ಕಾನೂನಿನಂತೆ ಬಹುಮಾನ ಕೇಳುವಿರಾ ಎಂದು ತೊಕಿತಾ ಅವರನ್ನು ವಿಚಾರಿಸಲಾಯಿತು. ಬಹುಮಾನ ಬೇಡ, ನಮ್ಮಮ್ಮನಿಗೆ ಕೈ ನಡುಗುತ್ತದೆ, ಚಹದ ಲೋಟಕ್ಕೊಂದು ಹಿಡಿ ಬೇಕಿತ್ತು, ಯಾರಲ್ಲಿ ಕೇಳಬೇಕು ಎಂದರು. ನಾವು ನಾಲ್ವರೂ ಒಟ್ಟಿಗೆ ಬಾಯಿ ತೆರೆದೆವು. ಲೋಟವನ್ನು ಡಬ್ಬಿಯಲ್ಲಿಟ್ಟು ನನ್ನ ಕ್ರೇಟಿನ ಮೇಲೆ ಇಡುವಂತೆಯೂ, ಅಮ್ಮನನ್ನೇ ಕರೆತಂದರೆ ಇನ್ನೂ ಒಳ್ಳೆಯದೆಂದೂ ತಿಳಿಸಿದೆವು.

10-00ಕ್ಕೆ ಸರಿಯಾಗಿ ಅಕುತ್ಸು ಅಣ್ಣನ ಶಟರ್ ಎದ್ದಿತು. ಬಣ್ಣದ ಕಂಬ ತಿರುಗಿತು. ಕುವಾಬಾರಾ ತಾತ ಕುರ್ಚಿಯಲ್ಲಿ ಕುಳಿತು ರಬ್ಬರ್‌ಬ್ಯಾಂಡ್ ಬಿಚ್ಚಿ ಕಣ್ಣು ಮುಚ್ಚಿದರು. ನಾನು, ಮಿಶಿನಾ, ತೊಕಿತಾ ಮತ್ತು ವಸ್ತುವಿನ ಬಳಕೆ ಖಾತ್ರಿಪಡಿಸಿಕೊಳ್ಳಲು ಬಂದಿದ್ದ ಪೇದೆ ಒನೊಡೆರಾ ಗೋಡೆಗೆ ಒರಗಿ ನಿಂತಿದ್ದೆವು. ಕತ್ತರಿ ತಾತನ ಬಲಕಿವಿಯ ಪಕ್ಕ ಮುಚ್ಚಿತು. ಬಿಚ್ಚಿತು. ಮುಚ್ಚಿತು. ಬಿಳಿ ಕೂದಲು ಬೀಳುತ್ತಿತ್ತು. ಸದ್ದಿಲ್ಲ. ಇಪ್ಪತ್ತೆರಡು ನಿಮಿಷ ಸದ್ದಿಲ್ಲ. ತಾತ ಕುರ್ಚಿಯಲ್ಲೇ ನಿದ್ದೆ ಹೋದರು. ಆ ಇಪ್ಪತ್ತೆರಡು ನಿಮಿಷ ನಾನೂ ಒಂದು ಮಾತಾಡಲಿಲ್ಲ. ಇದಕ್ಕೆ ಪೇದೆ ಒನೊಡೆರಾ ಅವರೇ ಸಾಕ್ಷಿ.

ವಸ್ತು ವಾಪಸು ಪಡೆದ ನಮೂನೆಯಲ್ಲಿ ಮಾಲೀಕರ ಹೆಸರಿಗೆ ಒಂದೇ ಗೆರೆ ಇದೆ. ಕತ್ತರಿ ಅಕುತ್ಸು ಅವರದು, ಅದನ್ನು ಅವರಿಗೆ ಒಪ್ಪಿಸಲಾಗಿದೆ. ಆದರೆ ಅದನ್ನು ಮಾಡಿದವರಲ್ಲಿ ಅವರೂ ಒಬ್ಬರಾಗಿರುವುದರಿಂದ, ಅಕ್ಷರ ಸಣ್ಣದು ಮಾಡಿ, ಸದರಿ ಗೆರೆಯ ಮೇಲೆ ನಾಲ್ಕೂ ಹೆಸರು ಬರೆಯಬೇಕೆಂದು ಕೋರುತ್ತೇನೆ. ಯಾರ ಮೇಲೂ ದೂರಿಲ್ಲ.

ನಾನು ನುಡಿದದ್ದನ್ನೆಲ್ಲ ನನಗೆ ಓದಿ ಹೇಳಲಾಗಿದ್ದು, ಅದು ನನ್ನ ಅರಿವಿಗೆ ನಿಜವಾಗಿದೆ. ಅಳತೆಗಳನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಸ್ಥಳ: ಸೇತುವೆ ಪಕ್ಕದ ಚೌಕಿ, ಕೊಜಿಯಾ
ದಿನಾಂಕ: 13 ನವೆಂಬರ್ 2018, ಮಂಗಳವಾರ, ಮಧ್ಯಾಹ್ನ 12-35
ಸಹಿ ಮತ್ತು ಮುದ್ರೆ: ನಾಗುಮೊ ತೊಮಿಎ

(ಷರಾ: ಒಬ್ಬರ ಹೆಸರಿನ ಮುದ್ರೆಯ ಜಾಗದಲ್ಲಿ ನಾಲ್ವರ ಹೆಸರಿನ ಮುದ್ರೆಗಳು ಬಿದ್ದಿವೆ. ಅಳಿಸಿಲ್ಲ. — ಒನೊಡೆರಾ)